ಹಕ್ಕಿ ಕಪ್ಪೋ, ಕನ್ನಡಕ ತಪ್ಪೋ

ನಾನು ಮಾಡಿಕೊಟ್ಟ ಕನ್ನಡಕವನ್ನು ತಪ್ಪು ಎಂದವರು ಈವರೆಗೆ ಯಾರೂ ಇರಲಿಲ್ಲ. ಮೊನ್ನೆ ಶಾಲೆಗೆ ಹೊಸದಾಗಿ ಬಂದ ಡ್ರಾಯಿಂಗ್ ಮೇಷ್ಟ್ರು ಅಂದರು, ಅದೂ ಅಪ್ಪನ ಎದುರಿಗೇ. ಹಳೇ ಕನ್ನಡಕದಲ್ಲಿ ಕಾಡಿನ ಹಕ್ಕಿಯೊಂದು ಥಳಥಳ ನೀಲಿಯಾಗಿ ಕಂಡಿತ್ತಂತೆ. ಹೊಸದರಲ್ಲಿ ಅದೇ ಹಕ್ಕಿ ಇದ್ದಿಲಿನ ಹಾಗೆ ಕಪ್ಪಂತೆ. ಬಿಡಿಸುತ್ತಿದ್ದ ಚಿತ್ರ ಅರ್ಧಕ್ಕೇ ನಿಂತಿದೆಯಂತೆ.

ಕುಣಿಯಲಾರದವರು ನೆಲ ಡೊಂಕು ಅಂದರಂತೆ! ನನಗೆ ಮೈಯೆಲ್ಲ ಉರಿಯಿತು. ಮತ್ತೆ ಕೂರಿಸಿ ಪರೀಕ್ಷೆ ಮಾಡಿದೆ. ಕೊನೆಯ ಸಾಲಿನ ಸಣ್ಣ ಅಕ್ಷರಗಳನ್ನೂ ನೀರು ಕುಡಿದಂತೆ ಓದಿ, ನನ್ನ ಮುಖ ನೋಡಿ ನಕ್ಕರು. ನಗು ಚೆನ್ನಾಗಿತ್ತು, ಅದು ಬೇರೆ ವಿಷಯ.

ನಮ್ಮ ಕನ್ನಡಕದ ಅಂಗಡಿಯ ಕಣ್ಣು ಪರೀಕ್ಷೆಯ ಕೋಣೆಯನ್ನು ಅಪ್ಪ ನನಗೆ ಬಿಟ್ಟುಕೊಟ್ಟು ಹೆಚ್ಚು ದಿನವಾಗಿರಲಿಲ್ಲ. ಕನ್ನಡಕ ತಪ್ಪಾಗಿದ್ದರೆ ಮೊದಲಿನ ಹಾಗೆ ಫ್ರೇಮ್ ಒರೆಸುತ್ತ ಕೂರು ಎಂದು ಮೇಷ್ಟ್ರ ಎದುರಿಗೇ ಅಂದುಬಿಟ್ಟರು. ಸರಿ, ಕಾಡಿಗೇ ಬಂದು ನೋಡುತ್ತೇನೆ ಎಂದೆ.

ಬೆಳಿಗ್ಗೆ ಇಬ್ಬರೂ ಹಣ್ಣು ತುಂಬಿದ ಅತ್ತಿಮರದ ಕೆಳಗೆ ಕತ್ತೆತ್ತಿ ನಿಂತೆವು. ಮೇಲೆಲ್ಲೋ ಸಿಳ್ಳೆ ಕೇಳಿತು. ಎಲೆಗಳ ನೆರಳಿಗೆ ಒಂದು ಜೋಡಿ ಬಂದು ಕೂತಿತು. ಹೆಣ್ಣು ಮಂಕು ನೀಲಿ, ಗಂಡು ಅಪ್ಪಟ ಕಪ್ಪು. ಕನ್ನಡಕವೇ ಇಲ್ಲದ ನನ್ನ ಕಣ್ಣಿಗೂ ಕಪ್ಪು.

ಹಣ್ಣಿನಾಸೆಗೆ ಅದು ಬಿಸಿಲಿನ ಕೊಂಬೆಗೆ ಹಾರಿತು ನೋಡಿ, ತಲೆಯಿಂದ ಬೆನ್ನುದ್ದಕ್ಕೂ ನೀಲಿ ಝಗ್ಗೆಂದಿತು. ಹೊಟ್ಟೆ ಮಾತ್ರ ಮಖಮಲ್ಲಿನಂಥ ಕಪ್ಪು, ಕಣ್ಣು ಕೆಂಪು. ನೆರಳಿನಲ್ಲಿ ಕಪ್ಪು, ಬಿಸಿಲಿನಲ್ಲಿ ನೀಲಿ, ಅಷ್ಟೇ ಸಂಗತಿ. ನನ್ನ ಕನ್ನಡಕ ಗೆದ್ದಿತ್ತು.

ಹೇಳೋಣವೆಂದು ತಿರುಗಿದೆ. ಮೇಷ್ಟ್ರು ಆ ನೀಲಿ ಹಕ್ಕಿಯನ್ನೇ ನೋಡುತ್ತ, ಕಿವಿ ಕೆಂಪಗೆ ಮಾಡಿಕೊಂಡು, "ಕಪ್ಪೇ ಕಾಣ್ತಿದೆ. ನಾಳೆ ಇನ್ನೊಂದ್ಸಲ ಬಂದು ನೋಡ್ಬೇಕೇನೋ" ಅಂದರು.

ಎಂಥ ಹಸಿ ಸುಳ್ಳು! ಕೋಪ ಬರಬೇಕಿತ್ತು, ಬರಲಿಲ್ಲ. ನಾಳೆಯೂ ಇವರ ಪಕ್ಕ ಹೀಗೇ ನಿಲ್ಲಬೇಕು ಅನ್ನಿಸಿಬಿಟ್ಟಿತು.

"ಹೌದು, ಕಪ್ಪೇ" ಅಂದೆ.

ಅಂಗಡಿಗೆ ಬಂದು, ತಪ್ಪು ನನ್ನದೇ ಎಂದು ಅಪ್ಪನಿಗೆ ಹೇಳಿ, ಬಟ್ಟೆ ಹಿಡಿದು ಫ್ರೇಮ್ ಒರೆಸಲು ಕೂತೆ. ಸಂಜೆ ಮೇಷ್ಟ್ರು ಬಂದರು. ನನ್ನ ಕೈಯಲ್ಲಿದ್ದ ಬಟ್ಟೆ ನೋಡಿ ಅವರ ಮುಖ ಸಪ್ಪಗಾಯಿತು. ಕನ್ನಡಕ ಸರಿಯಾಗಿದೆ, ಹಕ್ಕಿ ನೀಲಿಯಾಗೇ ಕಂಡಿತು, ನಿಮ್ಮ ಮಗಳ ಜೊತೆ ಇನ್ನೊಮ್ಮೆ ಹೋಗುವ ಆಸೆಗೆ ಸುಳ್ಳು ಹೇಳಿದೆ ಎಂದು ಅಪ್ಪನ ಮುಂದೆ ಒಪ್ಪಿಕೊಂಡೇ ಬಿಟ್ಟರು.

ಅಪ್ಪ ಅವರನ್ನು ಬಿಟ್ಟು ನನ್ನ ಕಡೆ ತಿರುಗಿದರು. "ಅವ್ರದ್ದು ಬಿಡು. ನಿನ್ ಕಣ್ಣಿಗೇನಾಗಿತ್ತು?"

"ನಂಗೂ ನಾಳೆ ಹೋಗ್ಬೇಕಿತ್ತಪ್ಪ" ಅಂದೆ, ಒರೆಸಿದ ಫ್ರೇಮನ್ನೇ ಮತ್ತೆ ಒರೆಸುತ್ತ.