ಮೈನಸ್ ಎಂಬತ್ತರಲ್ಲಿ ಮಲಗಿದ್ದು

ಒಂದಾನೊಂದು ಕಾಲದಲ್ಲಿ, ಕಡಲು ಇನ್ನೂ ಊರಿನ ಹೊಸ್ತಿಲವರೆಗೆ ಬಂದು ಹೋಗುತ್ತಿದ್ದ ಕಾಲದಲ್ಲಿ, ಒಬ್ಬ ರಾಕ್ಷಸನಿದ್ದನಂತೆ. ಸಾಸಿವೆ ಕಾಳಿಗಿಂತ ಸಣ್ಣವನು. ಒಂದೇ ಏಟಿಗೆ ಕೊಂದರೆ ಸತ್ತ. ಅರ್ಧ ಏಟು ಹೊಡೆದು ಕತ್ತಿಯನ್ನು ಒರೆಗೆ ಸೇರಿಸಿದಿರೋ, ಅವನು ಆ ಕತ್ತಿಯ ರುಚಿ ಕಲಿತುಬಿಡುತ್ತಿದ್ದ. ಮರುದಿನ ಅದೇ ಕತ್ತಿ ಅವನ ಮೈಗೆ ಹುಲ್ಲುಕಡ್ಡಿ. ಊರಿನವರಿಗೋ ಅವಸರ. ಎಲ್ಲರೂ ಅರ್ಧರ್ಧ ಏಟು ಹೊಡೆದು ಮನೆಗೆ ಹೋದರು. ಕೊನೆಗೆ ಅವನು ಕಲಿಯದ ಕತ್ತಿ ಇಡೀ ರಾಜ್ಯದಲ್ಲಿ ಒಂದೂ ಉಳಿಯಲಿಲ್ಲ.

ಶಶಿಪ್ರಭಾಳ ಅಜ್ಜಿ ಕತೆಯನ್ನು ಅಲ್ಲಿಗೇ ನಿಲ್ಲಿಸುತ್ತಿದ್ದರು. "ಮತ್ತೆ ರಾಕ್ಷಸ ಎಂತ ಆದ?" ಎಂದು ಕೇಳಿದರೆ, "ಎಂತ ಆಗುದು? ಇದ್ದಾನೆ. ನೀನು ಮಲಗು" ಎನ್ನುತ್ತಿದ್ದರು. ಆ ಮೇಲೆ ಯಾವ ಮಗು ಮಲಗುತ್ತದೆ?

ಶಶಿಪ್ರಭಾ ಶೆಟ್ಟಿ ಈಗ ಮಂಗಳೂರಿನ ಒಂದು ಠಾಣೆಯ ಇನ್ಸ್‌ಪೆಕ್ಟರ್. 2025ರ ಅಕ್ಟೋಬರ್ 6, ಸೋಮವಾರ ಬೆಳಿಗ್ಗೆ 10.20ಕ್ಕೆ ಅವಳ ಮೇಜಿನೆದುರು ಬಂದು ಕುಳಿತವರು ಡಾ. ಎಸ್ತೆರ್, ನಗರದ ಖಾಸಗಿ ಆಸ್ಪತ್ರೆಯೊಂದರ ರೋಗಾಣು ಪ್ರಯೋಗಾಲಯದ ಮುಖ್ಯಸ್ಥೆ. ಐವತ್ತು ದಾಟಿದ ಹೆಂಗಸು. ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದಿದ್ದರು.

"ಕಳವಾದದ್ದು ಎಂತ ಡಾಕ್ಟ್ರೇ?"

"ಒಂದು ಶೀಷೆ. ಇಷ್ಟೇ." ಎಸ್ತೆರ್ ಕಿರುಬೆರಳಿನ ಎರಡು ಗೆಣ್ಣು ತೋರಿಸಿದರು.

"ಅದರಲ್ಲಿ ಎಂತ ಉಂಟು?"

"ಕ್ಲೆಬ್ಸಿಯೆಲ್ಲಾ ಅಂತ ಒಂದು ಬ್ಯಾಕ್ಟೀರಿಯಾ. ಒಬ್ಬ ರೋಗಿಯ ಮೂತ್ರದಿಂದ ತೆಗೆದದ್ದು. ಜೀವಂತ ಉಂಟು."

ದೂರು ಟೈಪ್ ಮಾಡುತ್ತಿದ್ದ ಕಾನ್‌ಸ್ಟೇಬಲ್ ಫಾಝಿಲ್ ಕೈ ಎತ್ತಿದ. "ಮೇಡಂ, ಸೊತ್ತಿನ ಚಹರೆ ಅಂತ ಒಂದು ಕಾಲಂ ಉಂಟು. ಬಣ್ಣ ಎಂತ ಬರೆಯುದು?"

"ಮುಚ್ಚಳ ನೀಲಿ," ಎಂದರು ಎಸ್ತೆರ್. ನಗಲಿಲ್ಲ. "ಆ ರೋಗಿಗೆ ನಮ್ಮಲ್ಲಿದ್ದ ಎಲ್ಲ ಆ್ಯಂಟಿಬಯೋಟಿಕ್ ಕೊಟ್ಟು ನೋಡಿದೆವು. ಕೊನೆಗೆಂದು ಉಳಿಸಿಡುವಂಥದ್ದೂ ಕೊಟ್ಟೆವು. ಒಂದೂ ತಾಗಲಿಲ್ಲ. ಕಲಿಯಲಿಕ್ಕೆ, ಹೊಸ ಔಷಧಿ ಪರೀಕ್ಷೆ ಮಾಡ್ಲಿಕ್ಕೆ ಅಂತ ಅದನ್ನು ಮೈನಸ್ ಎಂಬತ್ತು ಡಿಗ್ರಿಯಲ್ಲಿ ಮಲಗಿಸಿ ಇಟ್ಟಿದ್ದೆವು. ಮಂಗಳವಾರ, ಮೂವತ್ತನೇ ತಾರೀಕಿಗೆ, ಇತ್ತು. ಇವತ್ತು ಇಲ್ಲ."

"ಹೊರಗೆ ಬಿದ್ದರೆ?"

"ಗಟ್ಟಿಮುಟ್ಟಾದವರಿಗೆ ಎಂತ ಆಗ್ಲಿಕ್ಕಿಲ್ಲ. ಶುಗರ್ ಇದ್ದವರು, ಗಾಯ ಇದ್ದವರು, ಮೂತ್ರದ ಪೈಪ್ ಹಾಕಿಸಿಕೊಂಡವರು... ಅಂಥವರ ಒಳಗೆ ಹೋದರೆ ಕೊಡ್ಲಿಕ್ಕೆ ನನ್ನ ಹತ್ರ ಔಷಧಿ ಇಲ್ಲ."

11.05ಕ್ಕೆ ಎಫ್.ಐ.ಆರ್. ದಾಖಲಾಯಿತು: ಕಳವು, ಮತ್ತು ಸೋಂಕು ಹರಡಬಹುದಾದ ನಿರ್ಲಕ್ಷ್ಯ. ಹೆಡ್ ಕಾನ್‌ಸ್ಟೇಬಲ್ ಮೆಲ್ವಿನ್ ಜೀಪು ತೆಗೆದ.

ಪ್ರಯೋಗಾಲಯದಲ್ಲಿ 12.10ಕ್ಕೆ ಸ್ಥಳ ಪಂಚನಾಮೆ ಆರಂಭವಾಯಿತು. ಒಳಗಿನ ಕೋಣೆಯಲ್ಲಿ ಆಳೆತ್ತರದ ಫ್ರೀಝರ್ ಒಂದು ಸಣ್ಣಗೆ ಗೊಣಗುತ್ತ ನಿಂತಿತ್ತು. ಬಾಗಿಲಿಗೆ ಮೂರು ಎಳೆ ಗಂಧ, ನಡುವೆ ಕುಂಕುಮ, ಹಿಡಿಯಲ್ಲಿ ಬಾಡಿದ ಚೆಂಡುಹೂವಿನ ಮಾಲೆ. ಕಳೆದ ಬುಧವಾರ ಆಯುಧ ಪೂಜೆಯಾಗಿತ್ತು. ಬೀಗಕ್ಕೆ ಅಂಕಿಯ ಗುರುತು. ಅದು ಎಸ್ತೆರ್ ಸೇರಿ ನಾಲ್ವರಿಗೆ ಮಾತ್ರ ಗೊತ್ತು. ಕ್ಯಾಮರಾ ಇದ್ದದ್ದು ಹೊರಗಿನ ಓಣಿಯಲ್ಲಿ. ಫಾಝಿಲ್ ಆರು ದಿನದ ಚಿತ್ರಗಳನ್ನು ಓಡಿಸಿ ನೋಡಿದ. ಶಶಿಪ್ರಭಾ ಮತ್ತೊಮ್ಮೆ ನೋಡಿದಳು.

"ಹೊರಗಿನವರು ಯಾರೂ ಬಂದಿಲ್ಲ ಮೇಡಂ," ಎಂದ ಟೆಕ್ನಿಷಿಯನ್ ಸುಜಿತ್, ಕೇಳುವ ಮೊದಲೇ. "ನಾವು ನಾಲ್ಕು ಜನವೇ."

"ಬಾಗಿಲು ತೆಗೀರಿ."

ಎಸ್ತೆರ್ ದಪ್ಪ ಕೈಗವಸು ಹಾಕಿ ತೆರೆದರು. ಬಿಳಿ ಹೊಗೆ ನೆಲಕ್ಕಿಳಿದು ಎಲ್ಲರ ಕಾಲುಗಳನ್ನು ಸುತ್ತಿಕೊಂಡಿತು. ಮೆಲ್ವಿನ್ ಸದ್ದಿಲ್ಲದೆ ಎದೆಯ ಮೇಲೆ ಶಿಲುಬೆ ಮಾಡಿಕೊಂಡ. ಏಳನೆಯ ಪೆಟ್ಟಿಗೆ, ಇಪ್ಪತ್ತಮೂರನೆಯ ಗುಳಿ: ಖಾಲಿ. ಪೆಟ್ಟಿಗೆಯ ಹಿಂದೆ, ಗೋಡೆಗಂಟಿದ ಹಿಮದಲ್ಲಿ, ಏನೋ ಹಳದಿ ಕಂಡಿತು. ಫಾಝಿಲ್ ಚಿಮಟದಲ್ಲಿ ಎತ್ತಿದ. ಚೆಂಡುಹೂವಿನ ಒಂದು ಎಸಳು, ಗಾಜಿನಂತೆ ಗಟ್ಟಿಯಾಗಿತ್ತು.

"ಪೂಜೆಯ ದಿನ ಇದನ್ನು ತೆರೆದಿದ್ದೀರಾ?" ಶಶಿಪ್ರಭಾ ಕೇಳಿದಳು.

"ಎಲ್ಲ ಮಿಷನಿನ ಬಾಗಿಲೂ ತೆರೆಯುದು ಕ್ರಮ ಮೇಡಂ," ಸುಜಿತ್ ತೊದಲಿದ. "ಭಟ್ರು ಒಳಗೂ ಆರತಿ ತೋರಿಸ್ಬೇಕು ಅಂದ್ರು."

"ಆಗ ನೀವು ಇಲ್ಲೇ ಇದ್ರಾ?"

"ಇದ್ದೆ. ಬೆಂಕಿಪೆಟ್ಟಿಗೆ ಒದ್ದೆಯಾಗಿದೆ, ಬೇರೆ ತನ್ನಿ ಅಂದ್ರು. ಕ್ಯಾಂಟೀನಿಗೆ ಓಡಿ ಹೋಗಿ ಬಂದೆ. ಎರಡೇ ನಿಮಿಷ."

"ಹೊರಗಿನವರು ಯಾರೂ ಬಂದಿಲ್ಲ ಅಂದಿರಿ."

"ಭಟ್ರು ಹೊರಗಿನವರಾ ಮೇಡಂ?"

ಅಕ್ಟೋಬರ್ 1ರ 11.14ಕ್ಕೆ ಹರಿವಾಣ ಹಿಡಿದು ಓಣಿಯಲ್ಲಿ ನಡೆದ ಬಿಳಿ ಪಂಚೆಯನ್ನು ಶಶಿಪ್ರಭಾಳೂ ಕ್ಯಾಮರಾದ ಚಿತ್ರದಲ್ಲಿ ಕಂಡಿದ್ದಳು. ಅವಳ ಮನಸ್ಸೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

"ಯಾವ ಭಟ್ರು?"

"ನಮ್ಮ ಖಾಯಂ ಭಟ್ರಿಗೆ ಪುರುಸೊತ್ತಿಲ್ಲ ಅಂತ ಇವರೇ ಕೇಳಿಕೊಂಡು ಬಂದದ್ದು. ಮಣ್ಣಗುಡ್ಡದ ಹೃಷೀಕೇಶ ಭಟ್."

ಎಸ್ತೆರ್ ಹಿಂದಕ್ಕೆ ಕೈಚಾಚಿ ಸ್ಟೂಲು ಹುಡುಕಿ ಕುಳಿತರು. ಪೂಜೆಯ ಹೊತ್ತಿಗೆ ಅವರು ವಾರ್ಡಿನಲ್ಲಿದ್ದರಂತೆ, ಯಾರು ಬಂದರೆಂದು ನೋಡಿರಲಿಲ್ಲ. "ಆ ಶೀಷೆ ಅವರ ಮಗಳದ್ದು," ಎಂದರು. "ಕೃತಿ. ಇಪ್ಪತ್ತನಾಲ್ಕು ವರ್ಷ. ಜುಲೈಯಲ್ಲಿ ಹೋದಳು. ಅವತ್ತು ಸಮಾಧಾನ ಮಾಡ್ಲಿಕ್ಕೆ ಅಂತ ನಾನೇ ಅವರಿಗೆ ಹೇಳಿದ್ದು: ಭಟ್ರೇ, ಅದನ್ನು ಜೀವಂತ ಇಟ್ಟಿದ್ದೇವೆ, ನಾಳೆ ಬೇರೆಯವರ ಮಕ್ಕಳಿಗೆ ಉಪಯೋಗ ಆಗ್ತದೆ ಅಂತ. ಒಳ್ಳೆಯದಕ್ಕೇ ಹೇಳಿದೆ ನಾನು."

ಮಣ್ಣಗುಡ್ಡಕ್ಕೆ ಹೊರಟಾಗ ಎಸ್ತೆರ್ ಥರ್ಮೋಕೋಲ್ ಪೆಟ್ಟಿಗೆ ಹಿಡಿದು ಹಿಂದಿನ ಸೀಟಿನಲ್ಲಿ ಕುಳಿತರು. ಮೆಲ್ವಿನ್ ಸ್ಟೇರಿಂಗ್ ತಿರುಗಿಸುತ್ತ ಹೇಳಿದ: "ಮೇಡಂ, ಮೊನ್ನೆ ಮೀನಿಗೆ ಹೋದಾಗ ಬಂದರಿನ ಧಕ್ಕೆಯಲ್ಲಿ ಎಲ್ಲ ನಗಾಡ್ತಿದ್ರು. ಜುಟ್ಟು ಬಿಟ್ಟ ಭಟ್ರೊಬ್ಬರು ದಿನಾ ಬೆಳಿಗ್ಗೆ ಬಂದು ಐಸ್ ತಗೊಂಡು ಹೋಗ್ತಾರಂತೆ. 'ಭಟ್ರೇ, ಬರೀ ಐಸ್ ಸಾಕಾ, ಬಂಗುಡೆ ಬೇಡ್ವಾ' ಅಂತ ತಮಾಷೆ ಮಾಡಿದ್ರಂತೆ. ನಾನೂ ನಗಾಡಿದೆ ಮಾರಾಯ್ರೆ."

ಈಗ ಜೀಪಿನಲ್ಲಿ ಯಾರೂ ನಗಲಿಲ್ಲ.

2.40ಕ್ಕೆ ಬಾಗಿಲು ತೆರೆದವರು ಭಟ್ಟರ ಹೆಂಡತಿ ಮುಕ್ತಾ. ಶಶಿಪ್ರಭಾಳ ಕಣ್ಣು ಅವರ ಮುಖಕ್ಕಿಂತ ಮೊದಲು ಬಲಗಾಲಿಗೆ ಹೋಯಿತು. ಪಾದಕ್ಕೆ ಬ್ಯಾಂಡೇಜು ಸುತ್ತಿತ್ತು.

"ಗಾಯವಾ ಅಮ್ಮ?"

"ಎರಡು ತಿಂಗಳಾಯ್ತು. ಶುಗರ್ ಅಲ್ವಾ, ಒಣಗುದೇ ಇಲ್ಲ." ಮುಕ್ತಾ ಖಾಕಿಯನ್ನು ನೋಡಿದರು, ಎಸ್ತೆರರನ್ನು ನೋಡಿದರು, ಯಾಕೆಂದು ಕೇಳಲಿಲ್ಲ. "ದೇವರ ಕೋಣೆಯಲ್ಲಿದ್ದಾರೆ. ಇವತ್ತಿಗೆ ಆರನೇ ದಿನ. ಐಸಿಗೆ ಹೋಗ್ಲಿಕ್ಕೆ ಮಾತ್ರ ಹೊರಗೆ ಬರ್ತಾರೆ. ನನ್ನನ್ನು ಹೊಸ್ತಿಲು ದಾಟ್ಲಿಕ್ಕೆ ಬಿಡುದಿಲ್ಲ. ಬೈತಾರೆ. ಜನ್ಮದಲ್ಲಿ ಬೈದವರಲ್ಲ."

"ಮತ್ತೆ ನಿದ್ದೆ?"

"ನಿದ್ದೆಯಾ!" ಎಂದರು ಮುಕ್ತಾ.

ಶಶಿಪ್ರಭಾ ಬಾಗಿಲು ಬಡಿದಳು. ಬಹಳ ಹೊತ್ತಿನ ಮೇಲೆ ಚಿಲಕ ಸರಿಯಿತು. ಒಳಗೆ ಹೃಷೀಕೇಶ ಭಟ್ಟರು ಒದ್ದೆ ಪಂಚೆಯಲ್ಲಿ ನಡುಗುತ್ತ ನಿಂತಿದ್ದರು. ಕಣ್ಣು ಕೆಂಡ. ದೇವರ ಮುಂದೆ ದೀಪವಿತ್ತು, ದೀಪದ ಮುಂದೆ ತಾಮ್ರದ ಕೊಡಪಾನ. ಬಾಯಿತನಕ ಐಸು, ಮೇಲೆ ಮರದ ಹುಡಿ. ಕೊಡಪಾನದ ಎದುರು ಒಂದು ಮಣೆ. ಅವರು ಆರು ದಿನ ಕಾವಲು ಕುಳಿತಿದ್ದ ಜಾಗ ಅದು.

"ಎಲ್ಲಿ ಉಂಟು?"

ಅವರು ಕೊಡಪಾನ ತೋರಿಸಿದರು.

"ಮುಚ್ಚಳ ತೆರೆದಿದ್ದೀರಾ?"

"ಇಲ್ಲ."

"ಒಮ್ಮೆಯೂ?"

"ಇಲ್ಲ. ಹೆದರಿಕೆ."

ಎಸ್ತೆರ್ ಕೈಗವಸು ಹಾಕಿ ಐಸಿನೊಳಗೆ ಕೈಯಿಟ್ಟರು. ಸ್ಟೀಲಿನ ಡಬ್ಬಿ, ಡಬ್ಬಿಯೊಳಗೆ ಬಿಳಿಬಟ್ಟೆಯ ಗಂಟು, ಗಂಟಿನೊಳಗೆ ನೀಲಿ ಮುಚ್ಚಳದ ಶೀಷೆ. ಬೆಳಕಿಗೆ ಹಿಡಿದು ನೋಡಿದರು. ಸೋರಿರಲಿಲ್ಲ. ಫಾಝಿಲ್ ಥರ್ಮೋಕೋಲ್ ಪೆಟ್ಟಿಗೆ ತೆರೆದು ಹಿಡಿದ.

"ಯಾಕೆ ತಂದಿರಿ ಭಟ್ರೇ?"

"ಅವಳಿಗೆ ಚಳಿ ಆಗ್ತಿತ್ತು."

"ಯಾರಿಗೆ?"

"ಕೃತಿಗೆ." ಬೇರೆ ಯಾರಿದ್ದಾರೆ ಎಂಬಂತೆ ನೋಡಿದರು. "ಹನ್ನೆರಡರ ಕ್ರಿಯೆ ನಾನೇ ಮಾಡಿದೆ. ಒಂದು ಮಂತ್ರ ಬಿಡಲಿಲ್ಲ. ಆದರೂ ದಿನಾ ಬೆಳಗಿನ ಜಾವ ಬಂದು ಕಾಲಬುಡದಲ್ಲಿ ನಿಲ್ತಾಳೆ. 'ಅಪ್ಪ, ಚಳಿ' ಅಂತಾಳೆ. ಬೇರೆ ಎಂತದೂ ಹೇಳುದಿಲ್ಲ. ಅವಳ ಮೈಯಿಂದ ತೆಗೆದದ್ದು ಅಲ್ಲಿ ಮಂಜಿನ ಪೆಟ್ಟಿಗೆಯಲ್ಲಿ ಜೀವಂತ ಉಂಟಲ್ಲ, ಹೇಗೆ ಹೋಗ್ತಾಳೆ ಅವಳು? ಅದನ್ನು ಸುಡುವ ಅಂತ ತಂದೆ. ತಂದ ಮೇಲೆ ಹೆದರಿಕೆ ಆಯ್ತು. ಅಷ್ಟು ಔಷಧಿಗೆ ಸಾಯದ್ದು ಬೆಂಕಿಗೆ ಸಾಯ್ತದಾ? ಹೊಗೆಯಲ್ಲಿ ಎದ್ದು ಊರಿಗೆಲ್ಲ ಹೋದರೆ? ಬಿಸಿಯಾದರೆ ಎಚ್ಚರ ಆಗ್ತದೆ ಅಂತ ಲ್ಯಾಬಿನಲ್ಲಿ ಹೇಳಿದ್ರು. ತಣ್ಣಗೆ ಇಟ್ಟರೆ ಅವಳು ನಡುಗ್ತಾಳೆ. ಹಾಗೆ ಕೂತೆ."

3.30ಕ್ಕೆ ಜಪ್ತಿ ಪಂಚನಾಮೆ ಮುಗಿಯಿತು. 3.50ಕ್ಕೆ ದಸ್ತಗಿರಿ. ಉಳಿದದ್ದನ್ನು ಭಟ್ಟರು ಹಜಾರದ ಬೆಂಚಿನಲ್ಲಿ ಕುಳಿತು ಹೇಳಿದರು, ಫಾಝಿಲ್ ಬರೆದುಕೊಂಡ.

ಕೃತಿಗೆ ಕಾಲೇಜಿನ ದಿನಗಳಿಂದಲೂ ಮೂತ್ರದ ಸೋಂಕು. ಉರಿ, ಚಳಿಜ್ವರ, ಮತ್ತೆ ಡಾಕ್ಟರು. ಡಾಕ್ಟರು ಏಳು ದಿನಕ್ಕೆ ಮಾತ್ರೆ ಬರೆಯುತ್ತಿದ್ದರು. ಭಟ್ಟರು ಮೂರು ದಿನಕ್ಕೆ ನಿಲ್ಲಿಸುತ್ತಿದ್ದರು. ಜ್ವರ ಇಳಿಯಿತಲ್ಲ? ಉಳಿದದ್ದನ್ನು ಅಲ್ಯೂಮಿನಿಯಂ ಡಬ್ಬಿಗೆ ಹಾಕಿ ಮುಂದಿನ ಜ್ವರಕ್ಕೆ ಇಡುತ್ತಿದ್ದರು, ಅಕ್ಕಪಕ್ಕದವರಿಗೂ ಮೂರು ಮೂರು ಕೊಡುತ್ತಿದ್ದರು. "ತೀರ್ಥ ಮೂರು ಸಲ, ಪ್ರದಕ್ಷಿಣೆ ಮೂರು, ಶಾಂತಿಃ ಹೇಳುದೂ ಮೂರು ಸಲ," ಎಂದರು. "ಮೂರಾದರೆ ಪೂರ್ಣ ಆಯ್ತು ಅಂತಲೇ ನನಗೆ ಅಭ್ಯಾಸ."

ಕೊನೆಯ ಹದಿನಾಲ್ಕು ತಿಂಗಳಲ್ಲಿ ಏಳು ಸಲ ಆಸ್ಪತ್ರೆ. ಒಂದೊಂದು ಸಲವೂ ಗುಣವಾಗಿ ಮನೆಗೆ ಬಂದಳು, ಶಾಲೆಯ ಮಕ್ಕಳಿಗೆ ಪಾಠ ಮಾಡಲು ಹೊರಟಳು, ಮತ್ತೆ ಮಲಗಿದಳು. ರಿಪೋರ್ಟಿನಲ್ಲಿ ಔಷಧಿಗಳ ಹೆಸರಿನ ಮುಂದೆ ಒಂದೊಂದಾಗಿ ಆರ್ ಅಕ್ಷರ ಬರತೊಡಗಿತು, ಆ ಔಷಧಿ ಇನ್ನು ನಾಟದು ಎಂಬ ಗುರುತು. ಕೊನೆಕೊನೆಗೆ ಎಲ್ಲದರ ಮುಂದೆಯೂ ಅದೇ. ಆ ಕಾಗದಗಳ ಮೂಲೆಯಲ್ಲಿದ್ದ ಅವಳ ಪ್ರಯೋಗಾಲಯದ ನಂಬ್ರ ಭಟ್ಟರಿಗೆ ಗಾಯತ್ರಿಯಷ್ಟೇ ಬಾಯಿಪಾಠ. ಫ್ರೀಝರಿನ ಬಾಗಿಲಿನ ಪಟ್ಟಿಯಲ್ಲಿ ಅದನ್ನು ಹುಡುಕಲು ಅವರಿಗೆ ಎರಡು ನಿಮಿಷ ಧಾರಾಳವಾಯಿತು.

"ಅದನ್ನು ಸಾಕಿದ್ದು ನಾನು," ಎಂದರು. "ನನ್ನ ಡಬ್ಬಿಯಲ್ಲಿ."

"ಅದು ನಿಮ್ಮ ಡಬ್ಬಿಯಿಂದಲೇ ಬಂತು ಅಂತ ಯಾರಿಂದಲೂ ಹೇಳ್ಲಿಕ್ಕೆ ಆಗುದಿಲ್ಲ ಭಟ್ರೇ," ಎಸ್ತೆರ್ ಹೇಳಿದರು.

"ಅಲ್ಲ ಅಂತ ಹೇಳ್ಲಿಕ್ಕೆ ಆಗ್ತದಾ?"

ಎಸ್ತೆರ್ ಥರ್ಮೋಕೋಲ್ ಪೆಟ್ಟಿಗೆಯ ಮುಚ್ಚಳವನ್ನು ಮತ್ತೊಮ್ಮೆ ಒತ್ತಿ ಹಾಕಿದರು.

"ಒಂದು ನಿಜ ಹೇಳಿ ಡಾಕ್ಟ್ರೇ. ಅದಕ್ಕೆ ಸಾವು ಉಂಟಾ?"

"ಉಂಟು. ಔಷಧಿಗೆ ಮಾತ್ರ ಅದು ಬಗ್ಗುದಿಲ್ಲ. ಕುದಿಯುವ ನೀರಿಗೆ ಸಾಯ್ತದೆ."

"ಕುದಿಯುವ ನೀರಿಗೆ?"

ಭಟ್ಟರು ಮೆಲ್ಲ ತಿರುಗಿ ಅಡಿಗೆಮನೆಯ ಕಡೆ ನೋಡಿದರು. ಒಲೆಯ ಮೇಲೆ ಮುಕ್ತಾ ಇಟ್ಟಿದ್ದ ಚಹಾದ ನೀರು ಕೊತಕೊತ ಎನ್ನುತ್ತಿತ್ತು. "ಇದನ್ನು ನನಗೆ ಯಾರೂ ಹೇಳ್ಲಿಲ್ಲ," ಎಂದರು.

ಶಶಿಪ್ರಭಾ ಪೊಲೀಸ್ ಆದ ಮೇಲೆ ಯಾರಿಗೂ ಮಾತು ಕೊಟ್ಟವಳಲ್ಲ. ಕೊಡಬಾರದೆಂಬುದು ಕೆಲಸದ ಮೊದಲ ಪಾಠ. ಆ ದಿನ ಕೊಟ್ಟಳು. "ಭಟ್ರೇ, ಅದನ್ನು ನಾನು ಸಾಯಿಸುವ ವ್ಯವಸ್ಥೆ ಮಾಡ್ತೇನೆ. ಕಾನೂನು ಪ್ರಕಾರ, ನಿಮ್ಮ ಕಣ್ಣೆದುರು. ಸತ್ತದ್ದು ನಿಶ್ಚಯ ಆದ ಮೇಲೆ ನಾನೇ ಬಂದು ಹೇಳ್ತೇನೆ."

ಮಾತು ಕೊಡುವುದು ಸುಲಭ. ಮುದ್ದೆಮಾಲನ್ನು, ಅಂದರೆ ಜಪ್ತಿಯಾದ ಸೊತ್ತನ್ನು, ತೀರ್ಪಿಗೆ ಮೊದಲು ನಾಶ ಮಾಡುವಂತಿಲ್ಲ. ಜೀವವಿರುವ ಮುದ್ದೆಮಾಲನ್ನು ಠಾಣೆಯ ಕಪಾಟಿನಲ್ಲಿ ಇಡುವಂತೆಯೂ ಇಲ್ಲ. ಶೀಷೆ ಮೊಹರು ಹಾಕಿಸಿಕೊಂಡು ಅದೇ ಫ್ರೀಝರಿಗೆ ಮರಳಿತು. ಆಸ್ಪತ್ರೆಯ ಆಡಳಿತದವರು ತಮ್ಮ ಸೊತ್ತು ತಮಗೇ ಬೇಕೆಂದು ಅರ್ಜಿ ಹಾಕಿದರು. ಭಟ್ಟರಿಗೆ ಮೂರನೆಯ ದಿನ ಜಾಮೀನು ಸಿಕ್ಕಿತು. ಮುಕ್ತಾರ ಗಾಯದ ಪರೀಕ್ಷೆಯಲ್ಲಿ ಆ ರೋಗಾಣು ಇಲ್ಲವೆಂದು ವರದಿ ಬಂತು. ಹೇಳಲು ಫೋನು ಮಾಡಿದಾಗ ಮುಕ್ತಾ ಪಿಸುಗುಟ್ಟಿದರು: "ನನ್ನದು ಬಿಡಿ ಮೇಡಂ. ಅವರು ಈಗಲೂ ಬೆಳಗಿನ ಜಾವ ಎದ್ದು ಕೂತು, ಕಾಲಬುಡಕ್ಕೆ ಕಂಬಳಿ ಹೊದೆಸ್ತಾರೆ."

ಶಶಿಪ್ರಭಾ ನಾಲ್ಕು ಸಲ ನ್ಯಾಯಾಲಯಕ್ಕೆ ಹೋದಳು. ಕೊನೆಗೆ ಎಸ್ತೆರ್ ಆಡಳಿತದವರ ಮುಖ ನೋಡದೆ ಬರೆದುಕೊಟ್ಟರು: ಐಸಿನಲ್ಲಿ ದಿನಗಟ್ಟಲೆ ಕರಗಿದ್ದ ಮಾದರಿ ಪರೀಕ್ಷೆಗೆ ಒದಗುವುದಿಲ್ಲ, ಅದರ ಗುಣಲಕ್ಷಣಗಳೆಲ್ಲ ದಾಖಲಾಗಿವೆ, ಇಟ್ಟುಕೊಳ್ಳುವುದರಿಂದ ಅಪಾಯವಲ್ಲದೆ ಬೇರೇನಿಲ್ಲ. ಅಕ್ಟೋಬರ್ 24ರಂದು ಆದೇಶ ಬಂತು.

27ರ ಸೋಮವಾರ 11.00ಕ್ಕೆ, ಇಬ್ಬರು ಪಂಚರ ಸಮಕ್ಷಮ, ಶೀಷೆಯನ್ನು ದೊಡ್ಡ ಕುಕ್ಕರಿನಂಥ ಆಟೋಕ್ಲೇವಿನೊಳಗೆ ಇಡಲಾಯಿತು. ಶಾಖ ನೂರ ಇಪ್ಪತ್ತೊಂದು ಡಿಗ್ರಿ, ಅರ್ಧ ಗಂಟೆ. ಭಟ್ಟರು ಗೋಡೆಗೆ ಒರಗದೆ, ಕೈಮುಗಿಯದೆ ನಿಂತು ಶಾಖದ ಮುಳ್ಳು ಏರುವುದನ್ನೇ ನೋಡಿದರು. ಆವಿ ಬಿಟ್ಟಾಗ ಸೀಟಿ ಬಹಳ ಹೊತ್ತು ಕೂಗಿತು. ಅವರ ತುಟಿ ಅಲುಗುತ್ತಿತ್ತು. ಮಂತ್ರವಿರಬಹುದು, ಮಗಳ ಹೆಸರಿರಬಹುದು.

"ಸತ್ತಿತಾ?" ಎಂದು ಕೇಳಿದರು.

"ಎರಡು ದಿನ ಕಾಯಬೇಕು," ಎಂದರು ಎಸ್ತೆರ್. ಶೀಷೆಯೊಳಗಿನ ಒಂದು ಹನಿಯನ್ನು ರೋಗಾಣು ಬೆಳೆಸುವ ತಟ್ಟೆಯ ಆಹಾರದ ಮೇಲೆ ಎಳೆದು, ಮೈಶಾಖದ ಪೆಟ್ಟಿಗೆಯಲ್ಲಿ ಇಟ್ಟರು. ಒಂದೇ ಒಂದು ಬದುಕಿದ್ದರೂ ಅಲ್ಲಿ ಬೆಳೆದು ಕಾಣಬೇಕು.

29ರ ಬುಧವಾರ ಬೆಳಿಗ್ಗೆ 11.10ಕ್ಕೆ ಶಶಿಪ್ರಭಾ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಎಸ್ತೆರ್ ಕಡ್ಡಿಯಿಂದ ಎಳೆದ ಗೆರೆಗಳು ಖಾಲಿಯಾಗಿದ್ದವು. ಕೆಸರಿಲ್ಲದ ಕೆರೆಯ ತಳದಂತೆ ಇಡೀ ತಟ್ಟೆ ತಿಳಿಯಾಗಿತ್ತು. ಫಾಝಿಲ್ ಸೊತ್ತಿನ ಪಟ್ಟಿಯಲ್ಲಿ 'ನಾಶಪಡಿಸಲಾಗಿದೆ' ಎಂದು ಬರೆದು ರುಜು ಹಾಕಿಸಿದ.

ಅವಳು ಒಬ್ಬಳೇ ಮಣ್ಣಗುಡ್ಡಕ್ಕೆ ಹೋದಳು. ಮುಕ್ತಾ ಬಾಗಿಲು ತೆರೆದು ತುಟಿಯ ಮೇಲೆ ಬೆರಳಿಟ್ಟರು.

"ಮಲಗಿದ್ದಾರೆ ಮೇಡಂ. ನಿನ್ನೆ ಸಂಜೆ ಮಲಗಿದವರು. ಬೆಳಗಿನ ಜಾವ ಏಳ್ಲಿಲ್ಲ. ಎಬ್ಬಿಸುದಾ?"

"ಬೇಡ. ಎದ್ದ ಮೇಲೆ ನೀವೇ ಹೇಳಿ," ಎಂದಳು ಶಶಿಪ್ರಭಾ. ಮರುಗಳಿಗೆ ತಲೆಯಾಡಿಸಿ, ಚಪ್ಪಲಿ ಕಳಚಿ ಒಳಗೆ ಬಂದಳು. "ಅಲ್ಲ. ನಾನೇ ಹೇಳ್ತೇನೆ ಅಂದಿದ್ದೆ."

ಅವಳು ಹಜಾರದ ಬೆಂಚಿನಲ್ಲಿ ಕುಳಿತಳು. ಮುಕ್ತಾ ಚಹಾ ತಂದಿಟ್ಟರು, ಅದು ತಣಿಯಿತು. ಮೆಲ್ವಿನ್ ಎರಡು ಸಲ ಫೋನು ಮಾಡಿದ; ಎತ್ತಲಿಲ್ಲ. 1.25ಕ್ಕೆ ಒಳಗೆ ಮಂಚ ಕಿರುಗುಟ್ಟಿತು. ಮುಖದ ಮೇಲೆ ದಿಂಬಿನ ಗೆರೆ ಮೂಡಿದ್ದ ಹೃಷೀಕೇಶ ಭಟ್ಟರು ಬಾಗಿಲಲ್ಲಿ ಬಂದು ನಿಂತರು.

ಶಶಿಪ್ರಭಾ ಎದ್ದು ನಿಂತಳು. "ಸತ್ತಿದೆ ಭಟ್ರೇ," ಎಂದಳು.