ಹಸಿರು ಖಣ

ಹೊಟ್ಟೆಕಿಚ್ಚಿನವಳು ಎನ್ನಿ, ಪರವಾಗಿಲ್ಲ. ಆದದ್ದನ್ನು ಆದಂತೆ ಹೇಳುತ್ತೇನೆ.

ಹೋದ ಜನವರಿಯಲ್ಲಿ ನಾನೂ ನನ್ನ ಗಂಡ ಬಸವಕುಮಾರರೂ ಮರಾಠಿ ನಾಡಿನಲ್ಲಿ ನಾವಿರುವ ಸಿನ್ನರಿನಿಂದ ಕರಾವಳಿಯ ಮುರುಡಕ್ಕೆ, ಸಮುದ್ರದ ನಡುವಿನ ಕೋಟೆ ನೋಡಲು ಹೋದೆವು. ದಾರಿಯುದ್ದಕ್ಕೂ ಅವರು ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಸುಮ್ಮನೆ ಕೂತಿದ್ದರು. ಮದುವೆಯಾಗಿ ಹನ್ನೊಂದು ವರ್ಷ, ಅವರು ನನ್ನೆದುರು ಬಾಯ್ತುಂಬ ನಕ್ಕದ್ದು ನೆನಪಿಲ್ಲ.

ಮುಟ್ಟಿದಾಗ ಮಧ್ಯಾಹ್ನ ನಾಲ್ಕು. ಇಳಿದುಕೊಂಡ ಮನೆಯ ಒಡತಿಯ ಕೈಯಲ್ಲಿ ಅಕ್ಕಿ, ತೆಂಗಿನಕಾಯಿಯ ತಟ್ಟೆ ಕಂಡು, ನಮ್ಮ ಬೀದರ ಕಡೆಯಂತೆ ಉಡಿ ತುಂಬುತ್ತಾಳೆಂದು ಸೆರಗು ಒಡ್ಡಿದೆ.

ಆಕೆ ಮರಾಠಿಯಲ್ಲಿ, “ಮುಂಜಾನೆಯೇ ತುಂಬಿದೆನಲ್ಲ ತಾಯಿ, ಕುಪ್ಪಸಕ್ಕೆಂದು ಹಸಿರು ಖಣ ಇಟ್ಟು. ನಿಮ್ಮ ಜೊತೆ ಇವರು ಎಷ್ಟು ನಗುತ್ತಿದ್ದರು!” ಎಂದಳು.

ಕೋಣೆಯಲ್ಲಿ ಹಾಸಿಗೆ ಬೆಚ್ಚಗಿತ್ತು. ಇವರ ಪ್ಯಾಂಟು ಮೊಣಕಾಲವರೆಗೆ ಒದ್ದೆಯಾಗಿ ಮರಳು ಮೆತ್ತಿತ್ತು. ನಾವಿನ್ನೂ ದಂಡೆಗೆ ಹೋಗಿರಲಿಲ್ಲ.

“ಯಾರ ಜೋಡಿ ಬಂದಿದ್ರಿ?” ಎಂದೆ.

“ನಿನ್ನ ಜೋಡೀನೇ ಬಂದೀನಲ್ಲ.”

ಅವರು ಸುಳ್ಳಾಡುವವರಲ್ಲ. ನನಗೆ ಹೆದರಿಕೆಯಾಗಲಿಲ್ಲ; ಇವರನ್ನು ನಗಿಸಿದವಳು ಯಾರೆಂದು ಮೈ ಉರಿಯಿತು. ಚೀಲಗಳನ್ನೆಲ್ಲ ಸುರುವಿ ಹುಡುಕಿದೆ. ಖಣ ಸಿಗಲಿಲ್ಲ.

ನಿನ್ನೆ ಮಧ್ಯಾಹ್ನ ಸಿನ್ನರಿನ ಸಂತೆಯಿಂದ ಮನೆಗೆ ಬಂದೆ. ಬಟ್ಟೆ ಒಣಹಾಕುವ ತಂತಿಯ ಮೇಲೆ ಹಸಿರು ಖಣದ ಕುಪ್ಪಸವಿತ್ತು, ಉಪ್ಪುನೀರಿನ ವಾಸನೆ. ಹಿಡಿದು ನೋಡಿದೆ: ಮದುವೆಯಾದ ವರ್ಷದ ನನ್ನ ಅಳತೆ.

ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಒಳಗೆ ಬಸವಕುಮಾರರು ನಗುತ್ತಿದ್ದರು.