ಡಲ್‌ಕೂಮ್ ಕಡೆ ತಿರುಗಿದ ಕೈಮರ

"ಕೈ ತೆಗೀರಿ ಆ ಕಂಬದಿಂದ."

ಬೆಳಗಿನ ಐದೂವರೆ. ಡಾರ್ಸೆಟ್ ಕರಾವಳಿಯ ಆ ಕವಲುದಾರಿಯಲ್ಲಿ ಏಣಿ ಹತ್ತಿ, ಕೈಮರದ ಹಲಗೆಯನ್ನು ತಬ್ಬಿಕೊಂಡು ತಿರುಗಿಸುತ್ತಿದ್ದ ಗಂಡಸು ಹಾಗೇ ನಿಂತುಬಿಟ್ಟ.

ಬೇಲಿಯ ಹಿಂದಿನಿಂದ ಹೆಸ್ಟರ್ ಪಿಟ್‌ಮನ್ ಎದ್ದು ಬಂದಳು. ಮೂರು ದಿನದಿಂದ ಅವಳು ಅಲ್ಲಿ ಹೊಂಚು ಹಾಕಿ ಕೂತಿದ್ದಳು. ಕೂದಲಲ್ಲಿ ಮುಳ್ಳುಕಡ್ಡಿ, ಕೈಯಲ್ಲಿ ಚಹಾದ ಫ್ಲಾಸ್ಕು.

"ಈಸ್ಟರ್‌ನಿಂದ ಇದನ್ನ ತಿರುಗಿಸ್ತಿರೋದು ನೀವೇನಾ?"

"ನಾನೇ," ಎಂದ ಅವನು. ಅಲ್ಲ ಎನ್ನುವ ಸ್ಥಿತಿಯಲ್ಲಿ ಅವನಿರಲಿಲ್ಲ.

ಹಲಗೆಯ ಮೇಲೆ 'ಹೆನ್ಸ್ ಐ' ಎಂದು ಬರೆದಿತ್ತು. ಕೋಳಿಯ ಕಣ್ಣಿನ ಹಾಗೆ ನಡುವೆ ತೂತಿರುವ ಬಂಡೆ. ಕ್ಯಾಲೆಂಡರಿನಲ್ಲಿ, ಬಿಸ್ಕತ್ತಿನ ಡಬ್ಬಿಯ ಮೇಲೆ ಎಲ್ಲೆಲ್ಲೂ ಅದರ ಚಿತ್ರ. ಅದನ್ನು ನೋಡಲು ಎಲ್ಲಿಂದೆಲ್ಲಿಂದಲೋ ಜನ ಬರುತ್ತಾರೆ. ಈ ಕಣಿವೆಯಲ್ಲಿ ಫೋನಿಗೆ ಸಿಗ್ನಲ್ ಇಲ್ಲ, ಹಾಗಾಗಿ ಕೈಮರ ತೋರಿಸಿದ್ದೇ ದಾರಿ. ಅದು ತೋರಿಸುತ್ತಿದ್ದದ್ದು ಡಲ್‌ಕೂಮ್ ಎಂಬ ಕೊಲ್ಲಿಯನ್ನು.

ಡಲ್‌ಕೂಮ್‌ನಲ್ಲಿ ಇರುವುದು ಕೆಸರು ಬಣ್ಣದ ನೀರು, ಕೊಳೆತ ಸಮುದ್ರಪಾಚಿ, ಒಂದು ಚರಂಡಿ ಕೊಳವೆ, ಮತ್ತು ಹೆಸ್ಟರ್‌ಳ ಚಹಾದಂಗಡಿ.

"ಬಂದವರೆಲ್ಲ ನನಗೆ ಬೈತಾರೆ, ಗೊತ್ತಾ ನಿಮಗೆ? ಮೊನ್ನೆ ವಯಸ್ಸಾದವರೊಬ್ಬರು ಆ ಚರಂಡಿ ಕೊಳವೆಯದೇ ನಲವತ್ತು ಫೋಟೋ ತೆಗೆದರು. ಚಿತ್ರದಲ್ಲಿ ನೋಡಿದ್ದಕ್ಕಿಂತ ಚಿಕ್ಕದಿದೆ ಅಂತ ನನ್ನ ಹತ್ತಿರ ದೂರು ಹೇಳಿದರು."

ಏಣಿಯ ಮೇಲಿದ್ದವನ ಮೀಸೆ ಅಲುಗಿತು. "ಬೈದು ಸುಮ್ಮನೆ ಹೋಗ್ತಾರಾ? ಚಹಾ ಕುಡಿದು ಹೋಗ್ತಾರಾ?"

ಹೆಸ್ಟರ್ ಫ್ಲಾಸ್ಕಿನ ಮುಚ್ಚಳ ತಿರುಗಿಸಿದಳು. "...ಕುಡಿದೇ ಹೋಗ್ತಾರೆ. ಅದು ಬೇರೆ ವಿಷಯ."

ಅವನ ಹೆಸರು ಬಾರ್ನಬಿ ಲೆಗ್. ಹೆನ್ಸ್ ಐ ಪಕ್ಕದ ಗುಡ್ಡದಲ್ಲಿ ಕುರಿ ಸಾಕುತ್ತಿದ್ದ. ಜನ ಕಾರುಗಳನ್ನು ತನ್ನ ಗೇಟಿಗೆ ಅಡ್ಡ ನಿಲ್ಲಿಸುತ್ತಾರೆ, ಕುರಿಗಳು ಮರಿ ಹಾಕುವ ಕಾಲ, ಗದ್ದಲಕ್ಕೆ ಹೆದರುತ್ತವೆ ಎಂದ. ಜೂನ್ ತಿಂಗಳು ಅದು. ಲೆಸ್ಟರ್ ಪಟ್ಟಣದಲ್ಲಿ ಹುಟ್ಟಿ ಬೆಳೆದ ಹೆಸ್ಟರ್‌ಗೆ ಕುರಿ ಯಾವಾಗ ಮರಿ ಹಾಕುತ್ತದೆಂದು ಏನು ಗೊತ್ತು? ನಂಬಿದಳು. ನಂಬಿಯೂ ಹಲಗೆಯನ್ನು ಸರಿಯಾದ ದಿಕ್ಕಿಗೆ ತಿರುಗಿಸಿಯೇ ಹೋದಳು.

ಮರುದಿನ ಅದು ಮತ್ತೆ ಡಲ್‌ಕೂಮ್ ಕಡೆ ನೋಡುತ್ತಿತ್ತು.

ಹೀಗೆ ಶುರುವಾಯಿತು ಯುದ್ಧ. ಅವನು ತಿರುಗಿಸುವುದು, ಇವಳು ಹೋಗಿ ಸರಿಮಾಡುವುದು, ಇವಳ ಬೆನ್ನ ಹಿಂದೆ ಅವನು ಮತ್ತೆ ತಿರುಗಿಸುವುದು. ಎರಡನೇ ವಾರಕ್ಕೆ ಇಬ್ಬರೂ ಒಂದೇ ಹೊತ್ತಿಗೆ ಬರತೊಡಗಿದರು. ಮೂರನೇ ವಾರಕ್ಕೆ ಫ್ಲಾಸ್ಕಿನ ಜೊತೆ ಎರಡು ಲೋಟ ಬಂದವು.

"ನಿಮ್ಮ ಚಹಾ ಬಹಳ ಕೆಟ್ಟದಾಗಿದೆ, ಮಿಸ್ ಪಿಟ್‌ಮನ್."

"ಹಾಗಾದ್ರೆ ಇನ್ನೊಂದು ಲೋಟ ಯಾಕೆ ಚಾಚ್ತಿದ್ದೀರಿ?"

"ಮೊದಲನೇದರ ರುಚಿ ಹೋಗಲಿ ಅಂತ."

ಅಂಚೆ ಹಂಚುವ ಐವಿಗೆ ಇಡೀ ಊರಿನ ಸುದ್ದಿ ಗೊತ್ತು. ಒಂದು ದಿನ ಹೆಸ್ಟರ್‌ಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಜಗಳಕ್ಕೆ ಹೋಗುವಾಗ ಯಾರಾದ್ರೂ ಲಿಪ್‌ಸ್ಟಿಕ್ ಹಚ್ಚಿಕೊಂಡು ಹೋಗ್ತಾರೇನೇ, ಚಿನ್ನ?"

"ತುಟಿ ಒಡೆದಿದೆ ಐವಿ, ಅದಕ್ಕೆ."

ಸುಳ್ಳು ಹೇಳಿ ಒಳಗೆ ಹೋದ ಹೆಸ್ಟರ್ ಸ್ಕೋನ್ ಎಂಬ ಬನ್ನಿನ ಹಿಟ್ಟಿಗೆ ಎರಡು ಸಲ ಉಪ್ಪು ಹಾಕಿದಳು. ಛೇ... ನನಗೆ ಮೂವತ್ತೆಂಟು. ಒಂದು ಮದುವೆ ಮುರಿದು, ಎಲ್ಲ ಬಿಟ್ಟು ಈ ಕೆಸರಿನ ಮೂಲೆಗೆ ಬಂದವಳು. ಈ ಬೇಸಿಗೆ ಅಂಗಡಿ ನಡೆಯದಿದ್ದರೆ ಬಾಗಿಲು ಹಾಕಿ ಅಕ್ಕನ ಮನೆಗೆ ವಾಪಸ್ ಹೋಗಬೇಕು. ಇಂಥ ಹೊತ್ತಲ್ಲಿ ಕುರಿ ವಾಸನೆಯ ಗಂಡಸಿನ ಮೀಸೆ ಯಾಕೆ ನೆನಪಾಗಬೇಕು?

ಆದರೆ ಅಂಗಡಿ ನಡೆಯುತ್ತಿತ್ತು. ಎಂಟು ಮೇಜೂ ತುಂಬುತ್ತಿದ್ದವು. ನನ್ನ ಕೈರುಚಿಗೇ ಬರ್ತಿದ್ದಾರೆ, ನಾನು ಗೆದ್ದೆ ಅಂದುಕೊಂಡಿದ್ದಳು ಅವಳು.

ಜುಲೈ ಕೊನೆಗೆ ಐವಿಯೇ ಆ ಮಾತನ್ನು ಹೊತ್ತು ತಂದಳು.

"ಬೇಜಾರು ಮಾಡ್ಕೋಬೇಡ. ನಿನ್ನೆ ಪಬ್‌ನಲ್ಲಿ ಬಾರ್ನಬಿಯನ್ನ ಎಲ್ಲರೂ ರೇಗಿಸಿದ್ರಂತೆ, ಯಾಕೋ ಆ ಕಂಬದ ಉಸಾಬರಿ ನಿನಗೆ ಅಂತ. ಅದಕ್ಕೆ ಅವನು, 'ಪಾಪ ಕಣ್ರೋ, ಆಕೆ ಅಂಗಡಿಗೆ ನೊಣ ಕೂಡ ಹೋಗ್ತಿರಲಿಲ್ಲ' ಅಂದನಂತೆ."

ಪಾಪ...

ಹೆಸ್ಟರ್ ಕೈಯಲ್ಲಿದ್ದ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟಳು. ಬೈಸಿಕೊಂಡರೂ ಸಹಿಸಿದ್ದಳು. ಆದರೆ ಈ ಪಾಪ ಎನ್ನುವ ಮಾತು ಎದೆಗೇ ಬಂದು ನಾಟಿತು. ಎಂಟು ಮೇಜಿನ ಗಿರಾಕಿಗಳು ನನ್ನ ಕೈರುಚಿಗೆ ಬಂದವರಲ್ಲ. ಒಬ್ಬನ ಕನಿಕರಕ್ಕೆ ಬಂದವರು.

ಅಂದೇ ಅಂಗಡಿಯ ಲ್ಯಾಂಡ್‌ಲೈನಿನಿಂದ ರಸ್ತೆ ಇಲಾಖೆಗೆ ಫೋನ್ ಮಾಡಿದಳು. ಅವರು ಬಂದು ಹಲಗೆಯನ್ನು ಸರಿಯಾದ ದಿಕ್ಕಿಗೆ ತಿರುಗಿಸಿ, ನಾಲ್ಕು ಬೋಲ್ಟು ಬಿಗಿದು ಹೋದರು. ಬೆಳಗಿನ ಜಗಳಕ್ಕೂ ಅವಳು ಹೋಗುವುದನ್ನು ನಿಲ್ಲಿಸಿದಳು.

ಬಾರ್ನಬಿ ಎರಡು ಸಲ ಅಂಗಡಿಯ ತನಕ ಟ್ರ್ಯಾಕ್ಟರಿನಲ್ಲಿ ಬಂದ. ಅವಳು ಕಿಟಕಿ ಪರದೆ ಎಳೆದಳು. ಅವನು ಇಳಿಯದೆ ಹೋದ.

ಮೇಜುಗಳು ಖಾಲಿಯಾದವು. ಸೆಪ್ಟೆಂಬರಿಗೆ ಬರುತ್ತೇನೆಂದು ಅಕ್ಕನಿಗೆ ಪತ್ರ ಬರೆದು, ಅಂಚೆಗೆ ಹಾಕಲು ಮನಸ್ಸಾಗದೆ ಸಕ್ಕರೆ ಡಬ್ಬಿಯ ಹಿಂದೆ ಇಟ್ಟಳು.

ಆಗಸ್ಟಿನ ಒಂದು ಮಧ್ಯಾಹ್ನ ಬಾಗಿಲ ಗಂಟೆ ಅಲುಗಿತು. ಚರಂಡಿ ಕೊಳವೆಯ ಫೋಟೋ ತೆಗೆದಿದ್ದ ಮುದುಕರು, ಪಕ್ಕದಲ್ಲಿ ಅವರ ಹೆಂಡತಿ.

"ಹೆನ್ಸ್ ಐ ಆ ಕಡೆ," ಎಂದಳು ಹೆಸ್ಟರ್ ಸೋತ ದನಿಯಲ್ಲಿ. "ಈಗ ಕೈಮರ ಸರಿಯಾಗಿದೆ."

"ಗೊತ್ತಮ್ಮ, ನೋಡ್ಕೊಂಡೇ ಬಂದ್ವಿ," ಎಂದರು ಆಕೆ ಕುರ್ಚಿ ಎಳೆದು ಕೂರುತ್ತ. "ಅಲ್ಲಿ ಬಂಡೆಗಿಂತ ಜನರ ಬೆನ್ನೇ ಜಾಸ್ತಿ ಕಾಣಿಸ್ತು. ಕೂರೋಕೆ ಜಾಗ ಇಲ್ಲ. ನಿನ್ನ ಸ್ಕೋನ್ ತಿನ್ನೋಣ ಅಂತ ಇವರೇ ಕಾರು ತಿರುಗಿಸಿದ್ರು."

ಹೆಸ್ಟರ್ ಸ್ಕೋನ್ ತಂದಿಟ್ಟಳು. ಕೆನೆಯನ್ನು ಬೇಕಾದದ್ದಕ್ಕಿಂತ ದುಪ್ಪಟ್ಟು ಸುರಿದಳು. ಮಾತು ಮುಂದುವರಿದು ಕೈಮರದ ಕಥೆಯೂ ಹೊರಬಂತು. ಮುದುಕರು ನಲವತ್ತು ವರ್ಷ ದನಕುರಿಗಳ ಡಾಕ್ಟರಾಗಿದ್ದವರು.

"ಜೂನ್‌ನಲ್ಲಾ ಮರಿ ಹಾಕೋದು?" ಎಂದು ಜಾಮ್ ಮೆತ್ತಿದ ಚಾಕುವನ್ನು ಕೆಳಗಿಟ್ಟರು. "ಈ ಕಡೆ ಕುರಿಗಳು ಏಪ್ರಿಲ್‌ಗೇ ಮುಗಿಸ್ತಾವಮ್ಮ. ಆ ಮನುಷ್ಯ ನಿನಗೆ ಸುಳ್ಳು ಹೇಳಿದಾನೆ."

ಹೆಸ್ಟರ್ ಎದ್ದು ಹೊರಗೆ ಓಡಿದಳು. ಐವಿಯ ಅಂಚೆ ವ್ಯಾನು ಆಗಷ್ಟೇ ತಿರುವಿಗೆ ಬಂದಿತ್ತು.

"ಐವಿ, ಆ ಲೆಗ್‌ಗೆ ಹೇಳು. ಜೂನ್ ತಿಂಗಳಲ್ಲಿ ಯಾವ ಕುರಿ ಮರಿ ಹಾಕ್ತು ಅಂತ ಬಂದು ನನಗೆ ಉತ್ತರ ಕೊಡಬೇಕು ಅಂತ."

ಅಂಗಡಿ ಮುಚ್ಚುವ ಹೊತ್ತಿಗೆ ಅವನು ಬಂದ. ಇಸ್ತ್ರಿ ಮಾಡಿದ ಅಂಗಿ, ಒಂದು ಗುಂಡಿ ಮೇಲೆ ಕೆಳಗಾಗಿತ್ತು.

"ಯಾವ ಕುರಿನೂ ಹಾಕಲಿಲ್ಲ," ಎಂದ ಬಾಗಿಲಲ್ಲೇ.

"ಮತ್ತೆ ಯಾಕೆ? ಪಾಪ ಅಂತನಾ?"

ಅವನ ಕಿವಿ ಕೆಂಪಾಯಿತು. "ಪಬ್‌ನಲ್ಲಿ ಅಷ್ಟು ಜನ ಗಂಡಸರ ಮಧ್ಯೆ ನಾನು ಇನ್ನೇನು ಹೇಳಲಿ? ಆಕೆ ಬೆಳಿಗ್ಗೆ ಎಂಟು ಮೇಜಿಗೂ ಬಟ್ಟೆ ಹಾಸ್ತಾಳೆ, ಯಾರೂ ಬರಲ್ಲ, ಸಂಜೆ ಎಂಟೂ ಮಡಿಸಿಡ್ತಾಳೆ, ಮರುದಿನ ಮತ್ತೆ ಹಾಸ್ತಾಳೆ. ಅದನ್ನ ನೋಡೋಕೆ ಮಾರ್ಚ್‌ನಿಂದ ದಿನಾ ಟ್ರ್ಯಾಕ್ಟರನ್ನ ಎರಡು ಮೈಲಿ ಸುತ್ತು ಹಾಕಿಸ್ತೀನಿ ಅಂತ ಹೇಳಲಾ?"

ಹೆಸ್ಟರ್‌ಳ ಕಣ್ಣು ಮಂಜಾಯಿತು.

"ಏಪ್ರಿಲ್‌ನಲ್ಲಿ, ಈಸ್ಟರ್ ಹೊತ್ತಿಗೆ ತಿರುಗಿಸಿದ್ದು ನಿಜವಾಗ್ಲೂ ಕುರಿಗಳಿಗೋಸ್ಕರ," ಎಂದ. "ಆಮೇಲಿನದ್ದೆಲ್ಲ... ನೀವು ಊರು ಬಿಟ್ಟು ಹೋಗಬಾರದು ಅಂತ."

"ಇಷ್ಟು ದಿನದಲ್ಲಿ ಒಂದು ಸಲ ಒಳಗೆ ಬಂದು ಹೇಳೋಕೆ ಆಗ್ತಿರಲಿಲ್ವಾ?"

"ಬೂಟಿನ ತುಂಬ ಕುರಿ ಹಿಕ್ಕೆ ಇರ್ತಿತ್ತು."

"ಇವತ್ತು?"

"ಹೊರಗೆ ಬಿಟ್ಟಿದ್ದೀನಿ."

ಅವಳು ಕೆಳಗೆ ನೋಡಿದಳು. ಬರೀ ಕಾಲುಚೀಲ. ಎಡಗಾಲಿನ ತೂತಿನಿಂದ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ಅಳುತ್ತಿದ್ದವಳಿಗೆ ನಗು ಬಂತು. ನಗುತ್ತಲೇ ಹೋಗಿ ಅವನ ಅಂಗಿಯ ತಪ್ಪಿದ ಗುಂಡಿಯನ್ನು ಬಿಚ್ಚಿ ಸರಿಯಾಗಿ ಹಾಕಿದಳು. ಹಾಕಿಯಾದ ಮೇಲೂ ಕೈ ತೆಗೆಯಲಿಲ್ಲ.

ಅವನು ಕೇಳಿದ, "ನಾಳೆ ಅಂಗಡಿ ಎಷ್ಟು ಗಂಟೆಗೆ ತೆಗೀತೀರಿ?"

"ಊರಿಗೆಲ್ಲ ಹತ್ತಕ್ಕೆ," ಎಂದಳು ಹೆಸ್ಟರ್. "ನಿನಗೆ ಎಂಟಕ್ಕೆ."